ಹೆಣ್ಣು ನೋಡಲು ಬಂದವರು ತಂದ ಕಹಿ ಚಾಕೊಲೇಟು

ನನ್ನ ತಂಗಿಯನ್ನು ನೋಡಲು ಜಡಿಗೇನಹಳ್ಳಿ ಕಡೆಯಿಂದ ಗಂಡಿನವರು ಬಂದ ಭಾನುವಾರ, ಅವರ ಹೂವು ಹಣ್ಣಿನ ತಟ್ಟೆಯಲ್ಲಿ ಸಿಹಿಯ ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ ಕಂದು ಕಾಗದ ಸುತ್ತಿದ ನಾಲ್ಕು ಚಾಕೊಲೇಟ್ ಬಾರುಗಳಿದ್ದವು.

“ನಮ್ಮ ಹುಡುಗನೇ ಕೈಯಾರೆ ಮಾಡಿರೋದು” ಎಂದರು ಹುಡುಗನ ತಾಯಿ.

ಆವತಿಯ ನಮ್ಮ ನಡುಮನೆಯಲ್ಲಿ ಕುಳಿತಿದ್ದವರೆಲ್ಲ ಒಮ್ಮೆ ತಟ್ಟೆಯನ್ನು, ಒಮ್ಮೆ ಹುಡುಗನನ್ನು ನೋಡಿದರು. ಅವನು ಹೊಸಕೋಟೆ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾನೆ ಎಂದು ಮದುವೆ ಮಾತು ತಂದ ಮಧ್ಯಸ್ಥರು ಹೇಳಿದ್ದರು. ಆ ಕೆಲಸ ಬಿಟ್ಟು ವರ್ಷವಾಗಿದೆ, ಈಗ ಮನೆಯ ಪಕ್ಕದ ಶೆಡ್ಡಿನಲ್ಲಿ ಚಾಕೊಲೇಟ್ ಮಾಡಿ ಬೆಂಗಳೂರಿನ ಅಂಗಡಿಗಳಿಗೆ ಕೊಡುತ್ತಾನೆ ಎನ್ನುವುದು ನಮಗೆ ಅವನ ಬಾಯಿಂದಲೇ ಗೊತ್ತಾಗಿದ್ದು ಆಗ. ಮಧ್ಯಸ್ಥರು ಮಾತ್ರ ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತಿದ್ದರು.

ಒಂದರಲ್ಲಿ ಚಕ್ಕೋತದ ಸಿಪ್ಪೆ, ಒಂದರಲ್ಲಿ ನೇರಳೆ, ಇನ್ನೊಂದರಲ್ಲಿ ಹುರಿದ ಹಲಸಿನ ಬೀಜ, ಕೊನೆಯದರಲ್ಲಿ ಹುಣಸೆ ಮತ್ತು ಕಡಲೆಕಾಯಿ. ಹುಡುಗ ಒಂದೊಂದನ್ನೇ ಬಿಚ್ಚಿ, ತುದಿಯನ್ನಷ್ಟೇ ಮುರಿದು, ಎಲ್ಲರಿಗೂ ಹಂಚಿದ. ಅಜ್ಜಿಗೆ ಸಿಕ್ಕಿದ್ದು ಚಕ್ಕೋತದ ತುಂಡು. ಬಾಯಲ್ಲಿ ಸ್ವಲ್ಪ ಹೊತ್ತು ಆಡಿಸಿದವಳೇ ಸೆರಗಿಗೆ ಉಗಿದಳು.

“ಥೂ, ಕಹಿ! ಹೆಣ್ಣ್ ಕೇಳಕ್ ಬಂದೋರು ಯಾರಾದ್ರೂ ಕಹಿ ತತ್ತಾರಾ?”

ಯಾರೂ ನಗಲಿಲ್ಲ. ಅಪ್ಪ ನೇರಳೆಯದನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ಮೂಸಿ ನೋಡಿ, ಆಮೇಲೆ ನಾಲಿಗೆಯ ಮೇಲಿಟ್ಟುಕೊಂಡರು. ಅವರ ಮುಖ ಬಿಗಿಯಾಯಿತು.

“ಇದ್ರಲ್ಲಿ ಎಣ್ಣೆ ಹಾಕಿದೀಯೇನಪ್ಪಾ?”

“ಇಲ್ಲ ಸಾರ್, ಯಾವ ಎಣ್ಣೇನೂ ಹಾಕಲ್ಲ. ಕೋಕೋ ಬೆಣ್ಣೆ ಅಷ್ಟೇ” ಎಂದ ಹುಡುಗ. ಅಪ್ಪ ಕೇಳಿದ್ದು ಕುಡಿಯುವ ಎಣ್ಣೆಯ ವಿಚಾರ ಎಂದು ಅವನಿಗೆ ಹೊಳೆದಾಗ ಕಿವಿ ಕೆಂಪಾಯಿತು. ನನಗಂತೂ ಆ ಕೆಂಪು ಕಿವಿಯೇ ಅನುಮಾನಕ್ಕೆ ಸಾಕಾಯಿತು.

ಅವರು ಹೋದ ಮೇಲೆ ಮನೆಯಲ್ಲಿ ಅದೇ ಮಾತು. ನಮ್ಮ ಹಿತ್ತಲಲ್ಲೇ ಚಕ್ಕೋತದ ಮರಗಳಿವೆ. ಅದರ ಸಿಪ್ಪೆಯನ್ನು ನಾವು ತಿಪ್ಪೆಗೆ ಎಸೆಯುತ್ತೇವೆ. “ತಿಪ್ಪೇಗೆ ಹಾಕೋದನ್ನ ದುಡ್ಡು ಕೊಟ್ಟು ತಿಂತಾರೆ ಅಂದ್ರೆ ನಂಬಕ್ಕಾಗ್ತದಾ? ಒಳಗಡೆ ಬೇರೇನೋ ನಡೀತಾ ಇರ್ಬೇಕು” ಎಂದರು ಅಪ್ಪ. ಅಮ್ಮ ಮಧ್ಯಸ್ಥರನ್ನು ಬೈದಳು. ತಂಗಿ ಮಾತ್ರ ಉಳಿದ ಬಾರುಗಳನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ಹೇಳದೆ ಕೇಳದೆ ಹೋಗಿ ನೋಡಿಬಿಡೋಣ ಎಂದು ಮೊದಲು ಅಂದವಳು ನಾನೇ. ಆ ವಾರವೇ ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿ, ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಸೂಲಿಬೆಲೆಯಲ್ಲಿ ಟೀ ಕುಡಿಯುವಾಗ ಅಪ್ಪ, “ಮೊದ್ಲು ಮೂಲೆಗಳನ್ನ ನೋಡು. ಮುಚ್ಚಿಡೋದೆಲ್ಲ ಮೂಲೇಲೇ ಇರೋದು” ಎಂದು ನನಗೆ ಪಾಠ ಹೇಳಿದರು.

ಶೆಡ್ಡಿನ ಬಾಗಿಲು ತೆರೆದೇ ಇತ್ತು. ಹುಡುಗ ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಹಲಸಿನ ಬೀಜ ಹುರಿಯುತ್ತಿದ್ದ. ಪಕ್ಕದಲ್ಲಿ ದೋಸೆ ಹಿಟ್ಟು ರುಬ್ಬುವ ಗ್ರೈಂಡರಿನಂಥದೇ ಕಲ್ಲಿನ ಯಂತ್ರದಲ್ಲಿ ಕೋಕೋ ನುಣ್ಣಗಾಗುತ್ತಿತ್ತು. ನಮ್ಮನ್ನು ನೋಡಿ ಗಾಬರಿಯಾದರೂ, “ಬನ್ನಿ ಸಾರ್, ಬನ್ನಿ ಅಕ್ಕ” ಎಂದ. ಅಪ್ಪನ ಕಣ್ಣು ಆಗಲೇ ಮೂಲೆಯ ಕಪಾಟಿಗೆ ಹೋಗಿತ್ತು. ಅಲ್ಲಿ ಕಪ್ಪು ದ್ರವ ತುಂಬಿದ ಬಾಟಲಿಗಳ ಸಾಲು. ಅಪ್ಪ ನನ್ನ ಮೊಣಕೈ ತಿವಿದರು.

“ನೇರಳೆ ರಸ ಸಾರ್. ಹಣ್ಣಿರೋವಾಗ ಕಾಯ್ಸಿ, ಗಟ್ಟಿ ಮಾಡಿ ಇಟ್ಟಿರೋದು. ಕುಡಿದು ನೋಡಿ” ಎಂದು ಹುಡುಗ ಒಂದು ಲೋಟಕ್ಕೆ ಬಗ್ಗಿಸಿದ.

ಅಪ್ಪ ಕುಡಿಯಲಿಲ್ಲ. ಲೋಟವನ್ನು ನನಗೆ ಕೊಟ್ಟರು. ಹುಳಿ, ಒಗರು, ಕೊನೆಗೆ ಸ್ವಲ್ಪ ಸಿಹಿ. ಅದು ನೇರಳೆಯೇ. ಆದರೂ ನನಗೆ ತಲೆ ತಿರುಗುತ್ತದೋ ಏನೋ ಎಂಬಂತೆ ಅಪ್ಪ ಬಹಳ ಹೊತ್ತು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

ಅಷ್ಟರಲ್ಲಿ ಹುಡುಗನ ತಾಯಿ ಮಜ್ಜಿಗೆ ತಂದರು. ನಾನು ನೇರವಾಗಿ ಕೇಳಿಬಿಟ್ಟೆ: “ಕೆಲಸ ಬಿಟ್ಟಿರೋದನ್ನ ಯಾಕೆ ಮುಚ್ಚಿಟ್ರಿ?”

“ಮಧ್ಯಸ್ಥರಿಗೆ ಹೇಳಿದ್ದೆ ಅಕ್ಕ” ಎಂದ ಹುಡುಗ. “ಚಾಕೊಲೇಟ್ ಮಾಡ್ತೀನಿ ಅಂದ್ರೆ ಯಾರೂ ಹೆಣ್ಣು ಕೊಡಲ್ಲ, ಸುಮ್ನಿರು ಅಂದ್ರು. ನಂಗೆ ಸರಿ ಅನ್ನಿಸ್ಲಿಲ್ಲ. ಅದಕ್ಕೇ ಸ್ವೀಟ್ ಬೇಡ ಅಂತ ಚಾಕೊಲೇಟೇ ತಂದೆ. ನೋಡಿದ್ಮೇಲೆ ನೀವೇ ಕೇಳ್ತೀರ ಅಂತ.”

ಅವನ ತಾಯಿ ನಕ್ಕರು. “ನೀವು ಯಾಕೆ ಬಂದ್ರಿ ಅಂತ ಗೊತ್ತು ಕಣಮ್ಮ. ನಾವೂ ನಿಮ್ಮೂರಿಗೆ ಬಂದಿದ್ವಿ. ಅಂಗಡೀಲಿ ವಿಚಾರಿಸಿದ್ವಿ. ಹುಡುಗೀಗೆ ಬಾಯಿ ಜೋರು ಅಂದ್ರು.”

ನನಗೆ ಕೋಪ ಬಂತು. ಆದರೆ ಅವರದೇ ಶೆಡ್ಡಿನಲ್ಲಿ ಬಾಟಲಿ ತಪಾಸಣೆ ಮಾಡುತ್ತ ನಿಂತವಳು ಯಾವ ಮುಖದಲ್ಲಿ ಕೋಪ ತೋರಿಸಲಿ? ಅಪ್ಪ ಮಜ್ಜಿಗೆಯನ್ನು ಮಾತ್ರ ಒಂದೇ ಗುಟುಕಿಗೆ ಕುಡಿದು ಮುಗಿಸಿದರು.

ಮನೆಗೆ ಬಂದು ನೋಡಿದರೆ ತಂಗಿ ಅಷ್ಟರಲ್ಲಿ ಮೂರು ಬಾರು ಖಾಲಿ ಮಾಡಿದ್ದಳು. ನಾವು ಕಂಡದ್ದನ್ನೆಲ್ಲ ಕೇಳಿಸಿಕೊಂಡು, ಅವನ ನಂಬರ್ ಇಸಿದುಕೊಂಡು ತಾನೇ ಫೋನ್ ಮಾಡಿದಳು. ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ.

“ಹುಣಸೇದು ಒಂಚೂರೂ ಚೆನ್ನಾಗಿಲ್ಲ. ಕಡ್ಲೆಕಾಯಿ ಮೆತ್ತಗಾಗಿದೆ” ಎಂದಳು. ಆಚೆಯಿಂದ ಏನೋ ಉತ್ತರ ಬಂತು. “ಅದು ಹಂಗೇ ಇರ್ಬೇಕು ಅಂತ ಯಾರು ಹೇಳಿದ್ದು?” ಎಂದಳು ಇವಳು. ಮಾತು ಜೋರಾಯಿತು. ಎಲ್ಲ ಕೆಟ್ಟಿತು ಎಂದುಕೊಂಡು ನಾನು ಅಡುಗೆಮನೆಗೆ ಬಂದು ಅಮ್ಮನಿಗೆ ಹೇಳಿದೆ.

ಸ್ವಲ್ಪ ಹೊತ್ತಿಗೆ ತಂಗಿ ಬಂದು, “ನಂಗೆ ಒಪ್ಪಿಗೆ” ಎಂದಳು.

“ಜಗಳ ಆಡ್ತಿದ್ದೆಯಲ್ಲೇ!”

“ಇಲ್ಲೀವರ್ಗೂ ನೋಡಕ್ ಬಂದೋರೆಲ್ಲ ನಾನು ಏನಂದ್ರೂ ಹೂಂ ಹೂಂ ಅನ್ನೋರು. ಮದುವೆ ಆದ್ಮೇಲೆ ಏನಂತಾರೋ ಅಂತ ಅವರ ಮೇಲೇ ನಂಗೆ ಡೌಟು. ಇವನು ಹೂಂ ಅನ್ನಲಿಲ್ಲ. ಒಂದೊಂದ್ ಮಾತಿಗೂ ವಾದ ಮಾಡ್ದ. ಕೊನೆಗೆ, ಕಡ್ಲೆಕಾಯಿ ವಿಷ್ಯ ನೀವು ಹೇಳಿದ್ದು ಸರಿ, ಹುಣಸೆ ವಿಷ್ಯ ತಪ್ಪು ಅಂದ.”

ಮಧ್ಯಸ್ಥರನ್ನು ದೂರವಿಟ್ಟು, ಉಳಿದ ಮಾತನ್ನು ಎರಡು ಮನೆಯವರೇ ಕೂತು ಆಡಿಕೊಂಡೆವು. ಹೊಸಕೋಟೆಯ ಛತ್ರದಲ್ಲಿ ಮದುವೆಯಾಯಿತು. ತಂಗಿ ಈಗ ಶೆಡ್ಡಿನ ಲೆಕ್ಕ, ಅಂಗಡಿಗಳ ಆರ್ಡರು ನೋಡಿಕೊಳ್ಳುತ್ತಾಳೆ. ಅವರ ಜಗಳ ಈಗಲೂ ರುಚಿಯ ವಿಷಯಕ್ಕೇ.

ಅಪ್ಪನನ್ನು ಯಾರಾದರೂ ಅಳಿಯ ಹೇಗೆ ಎಂದು ಕೇಳಿದರೆ, “ಒಳ್ಳೇವ್ನೇ ಅನ್ಸುತ್ತೆ. ಇನ್ನೂ ನೋಡ್ತಾ ಇದೀನಿ” ಎನ್ನುತ್ತಾರೆ.