ಬಿಸಿಲಲ್ಲಿ ಒಣಗಿದ ಗ್ಲೌಸುಗಳು

ಬಾಕ್ಸಿಂಗ್ ಕ್ಲಬ್ಬಿನ ಮೆಟ್ಟಿಲ ಕೆಳಗಿನ ಕೋಣೆ ಸೂಜಿಯತ್ತೆಯದು. ಶೂ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಚರ್ಮ ಹೊಲಿದವಳು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದು ಗ್ಲೌಸು, ತಲೆಗವಸು, ಗುದ್ದುವ ಚೀಲಗಳನ್ನು ನೋಡಿಕೊಳ್ಳುತ್ತಿದ್ದಳು. ಹೊಸದಾಗಿ ಸೇರಿದ ಹುಡುಗಿ ಬರಿಗೈಗೆ ಗ್ಲೌಸು ಹಾಕಿ ಸರಿಯಾಗಿದೆ ಅಂದರೆ ಅದನ್ನು ಕಿತ್ತುಕೊಳ್ಳುವಳು.

"ಮೊದಲು ಪಟ್ಟಿ ಸುತ್ಕೊಂಡು ಬಾ. ಗುದ್ದೋದು ಸುತ್ತಿದ ಕೈ."

ಬೆರಳು ಗ್ಲೌಸಿನ ತುದಿ ಮುಟ್ಟಬೇಕು, ಮಡಚಬಾರದು, ಹೆಬ್ಬೆರಳು ಎಳೆಯಬಾರದು. ಅಭ್ಯಾಸ ಮುಗಿದ ಮೇಲೆ ಒಳಗಿನ ಬೆವರು ಒರೆಸಿ, ಹಳೆ ಪೇಪರು ತುರುಕಿ, ನೆರಳಿನ ಗಾಳಿಗೆ ತೂಗುಹಾಕುವಳು. ವಾರಕ್ಕೊಮ್ಮೆ ಪ್ರತಿ ಗ್ಲೌಸಿನೊಳಗೆ ಕೈ ತೂರಿಸಿ ತನ್ನ ದವಡೆಗೆ ತಾನೇ ಗುದ್ದಿಕೊಳ್ಳುವಳು. ಗೆಣ್ಣು ತಾಗಿದರೆ ಆ ಜೋಡಿ ಬದಿಗೆ.

"ಅತ್ತೆ, ಮಾವನ ಮೇಲಿನ ಸಿಟ್ಟಾ?" ಎಂದು ಹುಡುಗಿಯರು ನಗುತ್ತಿದ್ದರು.

"ಮಾವ ಹೋಗಿ ಹನ್ನೊಂದು ವರ್ಷ ಆಯ್ತು ಕಣೇ. ಇದು ನಿನ್ನ ಮೂಗಿನ ಮೇಲಿನ ಪ್ರೀತಿ."

ಆ ವರ್ಷ ಪಂದ್ಯಕ್ಕೆ ಮೂರು ದಿನ ಇರುವಾಗ, ತಂಗಿಗೆ ಕಾಯಿಲೆಯೆಂದು ಅತ್ತೆ ಹೊರಟಳು. ಕ್ಲಬ್ಬಿನ ಕಾರ್ಯದರ್ಶಿಗೆ ಅದೇ ಹೊತ್ತಿಗೆ ಶುಚಿಯ ಹುಚ್ಚು ಹಿಡಿಯಿತು. ಬರುವ ಅತಿಥಿಗಳಿಗೆ ಗ್ಲೌಸು ನಾರಬಾರದೆಂದು ಪಂದ್ಯದ ಹತ್ತೂ ಜೋಡಿಗಳನ್ನು ಸೋಪಿನ ನೀರಲ್ಲಿ ಅದ್ದಿಸಿ, ತಾರಸಿಯ ಬಿಸಿಲಲ್ಲಿ ಹರವಿಸಿ, ಮೇಲೆ ಶೂ ಪಾಲಿಶ್ ತಿಕ್ಕಿಸಿದ. ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಅತ್ತೆ ಬಂದಾಗ ಅವು ಮದುಮಕ್ಕಳ ಹಾಗೆ ಹೊಳೆಯುತ್ತ ಕೂತಿದ್ದವು. ಒಂದಕ್ಕೆ ಕೈ ತೂರಿಸಿ ಗುದ್ದಿಕೊಂಡಳು. ಗೆಣ್ಣು ನೇರ ತಾಗಿ ಕಿವಿ ಗುಂಯ್ ಅಂದಿತು. ಹತ್ತೂ ಜೋಡಿ ಹಾಗೆಯೇ.

"ಇವು ಆಗಲ್ಲ," ಎಂದಳು.

"ನಾಳೆ ಪಂದ್ಯ ಕಣಮ್ಮ. ಹೊಸದರ ಹಾಗಿವೆ," ಎಂದ ಕಾರ್ಯದರ್ಶಿ.

"ಮೇಲೆ ಥಳಕು, ಒಳಗೆ ಹುಳುಕು. ಕೆನ್ನೆ ಕೊಡಿ ಸಾರ್, ತೋರಿಸ್ತೀನಿ. ಮೆಲ್ಲಗೇ."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಮೊದಲನೇ ಪಂದ್ಯ ನಿಮ್ಮ ಮೊಮ್ಮಗಳದೇ. ಅವಳ ಮುಖ ನೋಡಿಯಾದ್ರೂ ಸುಮ್ಮನಿರಿ."

"ಅದನ್ನ ನೋಡಿಯೇ ಹೇಳ್ತಿರೋದು. ಎದುರಿನವಳಿಗೂ ಒಂದು ಮುಖ ಇದೆ."

ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳ ಕಣ್ಣು ತುಂಬಿತು. "ವರ್ಷದಿಂದ ಕಾದಿದೀನಿ ಅಜ್ಜಿ. ಪಂದ್ಯ ನಿಂತ್ರೆ ನಿನ್ನ ಜೊತೆ ಮಾತಾಡಲ್ಲ."

"ಬೇಡ ಬಿಡು. ಮಾತಾಡೋಕೆ ಹಲ್ಲು ಉಳಿದ್ರೆ ಸಾಕು."

"ಬೀಗದ ಕೈ ಇಲ್ಲಿ ಕೊಡಿ. ನಾನೇ ಹಂಚ್ತೀನಿ," ಎಂದು ಕಾರ್ಯದರ್ಶಿ ಕೈ ಚಾಚಿದ. ಅತ್ತೆ ಇಬ್ಬರನ್ನೂ ಹೊರಗೆ ದಬ್ಬಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಚರ್ಮ ಕೊಯ್ಯುವ ಚೂರಿ ತೆಗೆದು, ಒಂದೊಂದೇ ಗ್ಲೌಸನ್ನು ಗೆಣ್ಣಿನ ಸಾಲಿಗೆ ನೇರವಾಗಿ, ಅವಸರವಿಲ್ಲದೆ ಸೀಳಿದಳು. ಹೊರಗಿನಿಂದ ಬಾಗಿಲು ಬಡಿಯುತ್ತಲೇ ಇದ್ದರು. ಇಪ್ಪತ್ತನೆಯದು ಮುಗಿದ ಮೇಲೆ ತೆರೆದಳು.

"ಇದು ಕ್ಲಬ್ಬಿನ ಆಸ್ತಿ," ಎಂದ ಕಾರ್ಯದರ್ಶಿ.

"ಹುಡುಗೀರು ಯಾರ ಆಸ್ತಿ?"

ಅವನು ಒಳಗಿನ ಮೆತ್ತೆಯ ಗಂಟೊಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದ. ಅದು ತಗ್ಗಲಿಲ್ಲ. ಅದನ್ನು ಕೆಳಗಿಟ್ಟು ಹೋದ.

ಪಂದ್ಯ ನಿಲ್ಲಲಿಲ್ಲ. ಅಭ್ಯಾಸದ ದಪ್ಪ ಗ್ಲೌಸುಗಳನ್ನು ಅತ್ತೆ ತಕ್ಕಡಿಯಲ್ಲಿಟ್ಟು, ಎದುರಾಳಿಗಳಿಬ್ಬರ ಕೈಗೂ ಒಂದೇ ತೂಕ ಬರುವಂತೆ ಹೊಂದಿಸಿದಳು. ತೇಪೆ ಹಾಕಿದವು, ಒಂದು ಕಪ್ಪು, ಒಂದು ಕಂದು. "ತಲೆದಿಂಬು ಕಟ್ಕೊಂಡು ಹೊಡೆದಾಡ್ತಾರಾ?" ಎಂದು ಮುಂದಿನ ಸಾಲಿನ ಅತಿಥಿಯೊಬ್ಬರು ನಕ್ಕರು. ಮೊಮ್ಮಗಳು ಅಂಕದಲ್ಲಿ ಸೋತಳು. ಕೆಳಗಿಳಿದು ಬಂದು, ಮಾತಿಲ್ಲದೆ ಎರಡೂ ಕೈ ಮುಂದೆ ಚಾಚಿದಳು. ಅತ್ತೆ ಲೇಸು ಬಿಚ್ಚುತ್ತಿರುವಾಗ ಕಾರ್ಯದರ್ಶಿ ಬಂದ.

"ನಾಳೆಯಿಂದ ಬರಬೇಡಿ."

"ಬರ್ತೀನಿ. ತೆಗೆಯೋದಾದ್ರೆ ಕಾರಣ ಬರೆದು ಕಮಿಟಿ ಮುಂದೆ ಓದಿ. ಸೋಪಿನ ನೀರು ಅಂತಲೂ ಬರೀರಿ, ತಾರಸಿ ಅಂತಲೂ ಬರೀರಿ."

ಆ ಕಾಗದ ಇನ್ನೂ ಬರೆದಾಗಿಲ್ಲ. ಮೊಮ್ಮಗಳು ಒಂಬತ್ತು ದಿನ ಮಾತು ಬಿಟ್ಟಿದ್ದಳು. ಅತ್ತೆ ತಾನಾಗಿ ಮಾತಾಡಿಸಲಿಲ್ಲ.