ಓಬವ್ವನ ಮೈಕಿನಲ್ಲಿ ಬಂದ ದನಿ

ಶ್ರೀರಾಂಪುರದ ಬಸ್‌ಸ್ಟ್ಯಾಂಡಿನ ಹಿಂದೆ ಒಣಗಿದ ತೆಂಗಿನಕಾಯಿ ಒಡೆದು ಕೊಬ್ಬರಿ ಬಿಡಿಸುವ ಶೆಡ್ಡೊಂದಿದೆ. ಓಬವ್ವ ಮದುವೆಯಾಗಿ ಬಂದ ಹೊಸದರಲ್ಲೇ ಅಲ್ಲಿ ಕೂಲಿಗೆ ಸೇರಿದಳು. ಈಗ ಮೊಮ್ಮಕ್ಕಳನ್ನು ಕಂಡಿದ್ದಾಳೆ, ಕೂಲಿ ಮಾತ್ರ ಬಿಟ್ಟಿಲ್ಲ. ಸುತ್ತಿನ ಹಳ್ಳಿಗಳಲ್ಲಿ ಅವಳ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಹಾಡು.

ನಾಗಕ್ಕ ಅಂತ ಒಬ್ಬಳಿದ್ದಳು. ಮದುವೆಮನೆ, ಶೋಬಾನೆ, ಹೊಲದ ಕಳೆ, ಎಲ್ಲಿಗೆ ಕರೆದರೂ ಹಾಡು ಹೇಳುತ್ತಿದ್ದಳು. ನಾಗಕ್ಕ ಮುಂದೆ ಹೇಳಿದರೆ ಓಬವ್ವ ಹಿಂದೆ ಸೊಲ್ಲು ಎತ್ತಿಕೊಳ್ಳುತ್ತಿದ್ದಳು. ಶೆಡ್ಡಿನ ಜೊತೆಗಾತಿ ಜಯಶೀಲಾ ಅವಳಿಗೆ ದನಿ ಕೂಡಿಸುತ್ತಿದ್ದಳು. ಓಬವ್ವನದು ಆಗ ದಪ್ಪ ದನಿ. ಗಂಡ ಕರಿಯಣ್ಣ, "ನಿನ್ ದನಿಗೆ ಎತ್ತೂ ನಿಂತ್ಕಂತಾವೆ ಕಣೇ" ಎಂದು ನಗುತ್ತಿದ್ದ.

ಹನ್ನೆರಡು ಹದಿಮೂರು ವರ್ಷದ ಹಿಂದೆ ಹಾಲುರಾಮೇಶ್ವರದಲ್ಲಿ ಒಂದು ಜನಪದ ಗಾಯನದ ಕಾರ್ಯಕ್ರಮವಾಯಿತು. ಮೂವರನ್ನೂ ಕರೆಸಿದ್ದರು. ಹೊಸದುರ್ಗದ ಚಿತ್ರಲಿಂಗಪ್ಪನದು ಮೈಕ್‌ಸೆಟ್ಟು. ನಾಗಕ್ಕನಿಗೊಂದು, ಹಿಂದಿನ ಇಬ್ಬರಿಗೊಂದು ಮೈಕು ಇಟ್ಟು, ತನ್ನ ಪಾಡಿಗೆ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡ.

ಹೊತ್ತು ಇಳಿಯುವಾಗ ನಾಗಕ್ಕ ಕರು ಹುಡುಕಲು ಹೋದ ಮಗಳ ಹಾಡು ಹಿಡಿದಳು. ತಾಯಿ ಬಾಗಿಲಲ್ಲಿ ನಿಂತು ಕರೆಯುತ್ತಾಳೆ: "ಹೊತ್ತು ಮುಳುಗೀತು ಬಾರೆ ಮಗಳೆ." ಮಗಳು ಎಲ್ಲಿಂದಲೋ ಓಗೊಡುತ್ತಾಳೆ: "ಬರತೀನಿ ತಡಿಯವ್ವ, ಕರುವಿನ್ನೂ ಸಿಗಲಿಲ್ಲ." ಮಗಳು ಕೊನೆಗೂ ಬರುವುದಿಲ್ಲ, ಹಾಡು ಹಾಗೇ ಮುಗಿಯುತ್ತದೆ. ಮಗಳ ಸೊಲ್ಲು ಓಬವ್ವನದು. ಎರಡು ಸಲ ಹೇಳಿದಳು. ಮೂರನೆಯ ಸಲಕ್ಕೆ ಗಂಟಲು ಯಾರೋ ಹಿಡಿದಂತೆ ಕಟ್ಟಿತು. ಬಾಯಿಗೆ ಸೆರಗು ಅಡ್ಡ ಹಿಡಿದು ಜಯಶೀಲಾಳ ಕಡೆ ನೋಡಿದಳು. ಅಷ್ಟರಲ್ಲಿ ಸೊಲ್ಲು ಕೇಳಿಸಿತು. ಸದ್ಯ, ಜಯಶೀಲಾ ಹಿಡಿದುಕೊಂಡಳು ಅಂದುಕೊಂಡಳು.

ವೇದಿಕೆ ಇಳಿದ ಮೇಲೆ ಜಯಶೀಲಾಳೇ ಕೇಳಿದಳು: "ಅದೇನೇ ಓಬಿ, ಸಣ್ಣ ದನಿ ತೆಗ್ದೆ?"

"ನಾನೆಲ್ಲಿ ತೆಗ್ದೆ? ನೀನಲ್ವೇನೇ?"

"ನಾ ಬಾಯೇ ಬಿಡ್ಲಿಲ್ಲ. ನಿಂದು ಅಂತ ಸುಮ್ಕಾದೆ."

ಇಬ್ಬರೂ ಚಿತ್ರಲಿಂಗಪ್ಪನ ಹತ್ತಿರ ಹೋಗಿ ಆ ಜಾಗ ಹಾಕಿಸಿ ಕೇಳಿದರು. ಜನರೇಟರಿನ ಗುರ್‌ ಸದ್ದು, ಮಗುವಿನ ಅಳು, "ಲೇ, ಕುಂತ್ಕಳ್ರಲೇ" ಎಂದು ಯಾರೋ ಗದರಿದ್ದು, ಎಲ್ಲ ಇತ್ತು. ಅದರ ನಡುವೆ ನೂಲಿನಂಥ ದನಿಯೊಂದು, 'ಬರತೀನಿ' ಎಂದು, ಒಂದಿಷ್ಟು ಉಸಿರು ಎಳೆದುಕೊಂಡು, 'ತಡಿಯವ್ವ' ಎನ್ನುತ್ತಿತ್ತು.

"ಕೆಳಗೆ ಕುಂತಿದ್ದೋರು ಯಾರೋ ಹೇಳಿರ್ಬೇಕು" ಎಂದಳು ಓಬವ್ವ.

"ಇಲ್ಲ ಕಣಕ್ಕ. ನಿನ್ ಮೈಕಿಗೇ ಬಾಯಿಟ್ಟು ಹೇಳಿದಂಗೈತೆ" ಎಂದ ಚಿತ್ರಲಿಂಗಪ್ಪ.

ನಾಗಕ್ಕನೂ ಕೇಳಿದಳು. "ಯಾರ್ದಾದ್ರೂ ಆಗ್ಲಿ, ಶ್ರುತಿ ತಪ್ಪಿಲ್ಲ ಬಿಡ್ರೇ" ಎಂದು ಎಲೆ ಅಡಿಕೆ ಹಾಕಿಕೊಂಡಳು.

ಆ ರೆಕಾರ್ಡಿಂಗು ಮೊಬೈಲ್ ಅಂಗಡಿಗಳಿಂದ ಮೆಮೊರಿ ಕಾರ್ಡಿಗೆ, ಟ್ರಾಕ್ಟರಿಗೆ, ಆಮೇಲೆ ವಾಟ್ಸ್ಯಾಪಿಗೆ ಹೋಯಿತು. ಹೊಳಲ್ಕೆರೆ ಬಸ್ಸಿನ ಕಂಡಕ್ಟರೊಬ್ಬ ಅದು ತನ್ನ ಅಜ್ಜಿಯದೇ ದನಿ ಎಂದ. ಒಬ್ಬಾಕೆ ಬಾವಿಗೆ ಬಿದ್ದು ಸತ್ತ ತಂಗಿಯದು ಎಂದಳು. ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡವರು ಅದನ್ನು ಫೋನಿನಿಂದ ಅಳಿಸಲಿಲ್ಲ. ಹಾಡು ಇಷ್ಟು ಹೆಸರಾಯಿತಲ್ಲ ಎಂದು ಚಿತ್ರದುರ್ಗದ ಸ್ಟುಡಿಯೋ ಒಂದರವರು ಮೂವರನ್ನೂ ಕರೆಸಿ ಮತ್ತೆ ಹಾಡಿಸಿದರು. ಮಗುವಿನ ಅಳು, ಜನರೇಟರ್ ಯಾವುದೂ ಇಲ್ಲದೆ ಚೊಕ್ಕಟವಾಗಿ ಬಂತು. ಅದನ್ನು ಯಾರೂ ಎರಡನೇ ಸಲ ಕೇಳಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೆ ನಾಗಕ್ಕ ತೀರಿಕೊಂಡಳು.

ಹಿರಿಯೂರಿನ ಆಚೆ ಹರಿಯಬ್ಬೆಯಿಂದ ಪಾಲಯ್ಯ ಎಂಬ ಮುದುಕ ಮಾತ್ರ ವರ್ಷಕ್ಕೊಮ್ಮೆಯಾದರೂ ಬಸ್ಸು ಬದಲಾಯಿಸಿಕೊಂಡು ಶೆಡ್ಡಿಗೆ ಬರುತ್ತಿದ್ದ. ಅವನ ಮಗಳು ಆಶಾರಾಣಿ ಹೈಸ್ಕೂಲು ಓದುವಾಗ ಜ್ವರ ಬಂದು ತೀರಿಹೋಗಿದ್ದಳು. ಮೊದಲ ಸಲ ಬಂದಾಗ, "ಆ ಸೊಲ್ಲು ಯಾರು ಹೇಳಿದ್ದು ತಂಗಿ?" ಎಂದು ಕೇಳಿದ್ದ. ಓಬವ್ವ ಗೊತ್ತಿಲ್ಲ ಎಂದಳು. "ನಂಗೊತ್ತು ಬಿಡವ್ವ" ಎಂದು ಮುದುಕ ಎದ್ದು ಹೋಗಿದ್ದ. ಆಮೇಲೆ ಬಂದಾಗಲೆಲ್ಲ ಏನನ್ನೂ ಕೇಳುತ್ತಿರಲಿಲ್ಲ. ಒಂದಿಷ್ಟು ಹೊತ್ತು ಅವಳ ಹತ್ತಿರ ಕುಳಿತು ಹೋಗುತ್ತಿದ್ದ.

ಹೋದ ವರ್ಷ ಓಬವ್ವನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಕರಿಯಣ್ಣ ದಾವಣಗೆರೆಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದ. ದನಿ ಬದಲಾದರೂ ಆಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ತಿಂಗಳುಗಟ್ಟಲೆ ಓಬವ್ವನ ಬಾಯಿಂದ ಬರೀ ಪಿಸುಮಾತು ಬಂತು. ಶೆಡ್ಡಿಗೆ ಮರಳಿದ ಮೇಲೂ ಕೈಸನ್ನೆಯಲ್ಲೇ ಮಾತಾಡುತ್ತಿದ್ದಳು.

ಒಂದು ಮಧ್ಯಾಹ್ನ ಜಯಶೀಲಾ ಫೋನಿನಲ್ಲಿ ಆ ಹಾಡನ್ನೇ ಹಾಕಿದ್ದಳು. ನಾಗಕ್ಕನ ದನಿ ಮೂರನೆಯ ಸಲ 'ಬಾರೆ ಮಗಳೆ' ಎಂದು ಕರೆಯಿತು. ಕಾಯಿ ಒಡೆಯುತ್ತಿದ್ದ ಓಬವ್ವ ಅಭ್ಯಾಸಬಲದಿಂದ ಸೊಲ್ಲು ಎತ್ತಿದಳು. ಆಪರೇಷನ್ ಆದ ಮೇಲೆ ಅವಳು ಬಾಯಿ ಬಿಟ್ಟು ಹಾಡಿದ್ದು ಅದೇ ಮೊದಲು. ಎಲ್ಲರ ಮಚ್ಚೂ ನಿಂತಿದ್ದು ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ತಿಳಿಯಿತು.

"ಏನ್ರೇ? ಹಾಡು ಕೇಳಿಲ್ವೇನು ಯಾವತ್ತೂ?"

ಜಯಶೀಲಾ ಫೋನು ಎತ್ತಿ ತೋರಿಸಿದಳು. "ಚಾರ್ಜ್ ಹೋಗಿ ಆಫಾಗೈತೆ ಕಣೇ ಓಬಿ. ನಾಗಕ್ಕ ಕರೀತಿದ್ದಂಗೇ ಆಫಾತು. ಈಗ ಹೇಳಿದ್ದು ನೀನೇ."

ಚಾರ್ಜ್ ಹಾಕಿ, ಆ ಜಾಗಕ್ಕೆ ತಂದು, ಅದರ ಜೊತೆಯಲ್ಲೇ ಓಬವ್ವನಿಂದ ಹೇಳಿಸಿದರು. ಎರಡು ದನಿ ಬೇರೆ ಬೇರೆ ಅಂತ ಯಾರಿಗೂ ಅನಿಸಲಿಲ್ಲ. 'ತಡಿಯವ್ವ' ಎನ್ನುವುದಕ್ಕೆ ಮುಂಚೆ ಎಳೆದುಕೊಳ್ಳುವ ಆ ಉಸಿರು ಕೂಡ ಅದೇ. ಆ ಉಸಿರು ಓಬವ್ವನಿಗೆ ಬಂದದ್ದು ಆಪರೇಷನ್ ಆದ ಮೇಲೆ, ನೋವಿನಿಂದ.

ಚಿತ್ರಲಿಂಗಪ್ಪ ಬಂದು ಅವಳ ದನಿ ಕೇಳಿ ಹೇಳಿದ: "ಆವತ್ತು ನೀನೇ ಹೇಳಿರ್ತೀಯ ಬಿಡಕ್ಕ, ನಿಂಗೆ ಗ್ಯಾನ ಇಲ್ಲ."

"ಆವತ್ತು ನಂಗೆ ಈ ದನಿ ಎಲ್ಲಿತ್ತಪ್ಪ?" ಎಂದಳು ಓಬವ್ವ. ಅವನು ಅವಳ ಕುತ್ತಿಗೆಯ ಗೀರು ನೋಡಿ ಎದ್ದು ಹೊರಟ.

ಅವಳು ಹಾಡುವುದನ್ನು ಬಿಟ್ಟಳು. ಮೊಮ್ಮಗುವನ್ನು ಮಲಗಿಸಲೂ ಬಾಯಿ ತೆರೆಯಲಿಲ್ಲ. ತನ್ನ ದನಿ ತನಗಿಂತ ಮುಂಚೆ ಹೋಗಿ ಅಲ್ಲಿ ನಿಂತಿತ್ತು ಎಂಬುದೇ ಅವಳಿಗೆ ಹೆದರಿಕೆ. ಅದಕ್ಕಿಂತ ಹೆಚ್ಚು ಅಂಜಿಕೆ ಪಾಲಯ್ಯನನ್ನು ನೆನೆದರೆ. ಇಷ್ಟು ವರ್ಷ ಮಗಳೆಂದು ಕೇಳಿದ್ದು ಕೊಬ್ಬರಿ ಶೆಡ್ಡಿನ ಒಬ್ಬಳ ದನಿ ಎಂದು ಗೊತ್ತಾದರೆ ಆ ಮುದುಕನಿಗೆ ಉಳಿಯುವುದೇನು?

ಸುದ್ದಿ ಹರಿಯಬ್ಬೆಗೂ ಮುಟ್ಟಿತು. ಪಾಲಯ್ಯ ಬೆಳಗಿನ ಬಸ್ಸಿಗೇ ಬಂದು ಅವಳೆದುರು ಮೂಟೆಯ ಮೇಲೆ ಕುಳಿತ.

"ಹೇಳವ್ವ."

"ಗಂಟ್ಲು ಸರಿ ಇಲ್ಲಣ್ಣ. ಊರಿಗೆ ಹೋಗ್ರಿ."

"ಸರಿಯಾಗೋಗಂಟ ಕುಂತಿರ್ತೀನಿ."

ಊಟದ ಹೊತ್ತಾದರೂ ಮುದುಕ ಏಳಲಿಲ್ಲ, ನೀರೂ ಮುಟ್ಟಲಿಲ್ಲ. ಕೊನೆಗೆ ಜಯಶೀಲಾಳೇ ಮೆಲ್ಲಗೆ ನಾಗಕ್ಕನ ಸಾಲು ಹಿಡಿದಳು. ಓಬವ್ವ ಕಣ್ಣು ಮುಚ್ಚಿ ಸೊಲ್ಲು ಎತ್ತಿದಳು. ಮೂರು ಸಲ ಹೇಳಿ ಕಣ್ಣು ಬಿಟ್ಟರೆ ಪಾಲಯ್ಯ ಅವಳ ಮುಖ ನೋಡುತ್ತಿರಲಿಲ್ಲ. ಗಂಟಲನ್ನು ನೋಡುತ್ತಿದ್ದ, ಬಾಗಿಲ ಸಂದಿಯಲ್ಲಿ ನಿಂತವರನ್ನು ನೋಡುವ ಹಾಗೆ.

"ಅಣ್ಣ, ಇದು ನನ್ ದನಿ. ನಿಮ್ ಮಗಳ್ದು ಅಲ್ಲ. ತಪ್ಪು ತಿಳ್ಕಬ್ಯಾಡ್ರಿ" ಎಂದಳು ಓಬವ್ವ.

ಮುದುಕ ನಕ್ಕ. ಅವನ ಮುಖ ಹಗುರವಾಗಿತ್ತು. "ಗೊತ್ತವ್ವ. ಆಗ ಹಾಲುರಾಮೇಶ್ವರಕ್ಕೆ ಬಂದು ನಿನ್ ಗುರ್ತು ಹಿಡ್ಕಂಡು ಹೋಗಿದ್ಲು. ಈಗ ಬಂದು ಸೇರ್ಕಂಡ್ಲು, ಅಷ್ಟೇಯ." ಎದ್ದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಆಕಿಗೆ ತಣ್ಣೀರು ಆಗಲ್ಲ. ಎದೆ ಕಟ್ಕಂತೈತೆ. ಒಂದೀಟು ಬಿಸಿ ಮಾಡಿ ಕುಡಿಸು."

ಓಬವ್ವನ ಬಾಯಿಂದ "ಆಗ್ಲಣ್ಣ" ಎಂದು ಬಂತು.

ಪಾಲಯ್ಯ ಆಮೇಲೆ ಫೋನಿನಲ್ಲಿ ಹಾಡು ಕೇಳುವುದನ್ನು ಬಿಟ್ಟನಂತೆ. ಊಟ ನಿದ್ದೆ ಚೆನ್ನಾಗಿದೆ ಎಂದು ಆ ಕಡೆಯವರು ಹೇಳುತ್ತಾರೆ. ಓಬವ್ವ ಮತ್ತೆ ಮದುವೆಮನೆಗಳಿಗೆ ಹೋಗುತ್ತಾಳೆ. ಕೇಳಿದವರು ಅಳುತ್ತಾರೆ, ಅವಳು ಅವರ ಕಡೆ ನೋಡದೆ ಹಾಡುತ್ತಾಳೆ. ಶೆಡ್ಡಿಗೆ ಬರುವಾಗ, ಎಂಥ ಬಿರುಬಿಸಿಲಿನ ದಿನವಾದರೂ, ಫ್ಲಾಸ್ಕಿನಲ್ಲಿ ಬಿಸಿನೀರು ತರುತ್ತಾಳೆ. ಯಾರಿಗೆ ಎಂದು ಜಯಶೀಲಾ ಈವರೆಗೆ ಕೇಳಿಲ್ಲ.