ಸಾಹುಕಾರರ ಎದುರಿಗೆ ತಗ್ಗಿಸಬಾರದ ವಾಲ್ಯೂಮು

ಮನುಷ್ಯ ಎಷ್ಟು ನಾಗರಿಕನಾಗಿದ್ದಾನೆ ಎಂಬುದನ್ನು ಅವನು ಮಾಡುವ ಶಬ್ದದಿಂದ ಅಳೆಯಬಹುದು. ಹಾಗೆ ಅಳೆದರೆ ಎಂಬತ್ತರ ದಶಕದಲ್ಲಿ ಸಿರುಗುಪ್ಪದಷ್ಟು ನಾಗರಿಕವಾದ ಊರು ಭೂಮಂಡಲದಲ್ಲಿ ಇನ್ನೊಂದಿರಲಿಲ್ಲ. ಅಲ್ಲಿ ಕೂಸಿಗೆ ಕಿವಿ ಚುಚ್ಚಿಸಿದರೂ ಮಾಳಿಗೆಯ ಮೇಲೆ ಮೈಕಿನ ಎರಡು ಹಾರ್ನ್ ಕಟ್ಟುತ್ತಿದ್ದರು. ಕೂಸಿನ ಅಳು ಮಾತ್ರ ಯಾರಿಗೂ ಕೇಳುತ್ತಿರಲಿಲ್ಲ.

ಈ ನಾಗರಿಕತೆಯನ್ನು ಬಾಡಿಗೆಗೆ ಒದಗಿಸುತ್ತಿದ್ದವನು ನಮ್ಮಣ್ಣ. ನಾವು ಮೂಲದಲ್ಲಿ ಕುರುಗೋಡಿನವರು. ಅಣ್ಣ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ರೇಡಿಯೋ ರಿಪೇರಿ ಕಲಿತು, ತನ್ನ ಕೈಯಾರೆ ಒಂದು ವಾಲ್ವ್ ಆಂಪ್ಲಿಫೈಯರ್ ಕಟ್ಟಿ, ಸಿರುಗುಪ್ಪದಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದ. ಅಂಗಡಿ ನಿಂತಿದ್ದದ್ದು ಒಬ್ಬರ ಮೇಲೆ. ಅವರು ಅಕ್ಕಿ ಗಿರಣಿಯ ಸಾಹುಕಾರರು. ಗಿರಣಿಯ ಪೂಜೆ, ಅವರು ಅಧ್ಯಕ್ಷರಾಗಿದ್ದ ಶಾಲೆಯ ವಾರ್ಷಿಕೋತ್ಸವ, ಅವರ ಬೀಗರ ಮನೆಯ ಮದುವೆಗಳು, ಎಲ್ಲಕ್ಕೂ ಅಣ್ಣನದೇ ಸೆಟ್ಟು. ಆ ಮನೆ ಕೈಬಿಟ್ಟರೆ ಅಂಗಡಿ ಇಲ್ಲ. ಇದು ಅಣ್ಣನಿಗೂ ಗೊತ್ತಿತ್ತು, ಸಾಹುಕಾರರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ನಮ್ಮ ಕಡೆ ಮೈಕಿನವರಿಗೆ ಒಂದು ಕಟ್ಟಳೆಯಿತ್ತು. ಕಾರ್ಯ ಮಾಡಿಸುವ ಯಜಮಾನ ಎದುರಿಗಿರುವಾಗ ವಾಲ್ಯೂಮ್ ತಗ್ಗಿಸಬಾರದು. ತಗ್ಗಿಸಿದರೆ ಬಡಿಸಿದ ಎಲೆಯಿಂದ ಹೋಳಿಗೆ ವಾಪಸು ಎತ್ತಿದ ಹಾಗೆ. ಕಾರ್ಯ ಮುಗಿದ ಮೇಲೆ ಸಾಹುಕಾರರು ಊಟದ ರುಚಿ ಕೇಳುತ್ತಿರಲಿಲ್ಲ, ಕಾಲುವೆಯಾಚೆಯ ಗದ್ದೆಯಿಂದ ಬಂದವರನ್ನು ನಿಲ್ಲಿಸಿ, "ಎಲ್ಲಿತನಾ ಕೇಳಿಸ್ತು?" ಎಂದು ಕೇಳುತ್ತಿದ್ದರು. ಬಂದವರೂ ಲೋಕಾನುಭವಿಗಳು. ಕೇಳಿಸದ ಊರಿನ ಹೆಸರನ್ನೇ ಹೇಳುತ್ತಿದ್ದರು.

ದಶಕ ಮುಗಿಯುವ ಹೊತ್ತಿಗೆ ಸಿರಿಗೇರಿಯವನೊಬ್ಬ ಹೊಸ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ತಂದು ಸಾಹುಕಾರರ ಪಡಸಾಲೆಗೆ ಬಂದು ಹೋಗತೊಡಗಿದ. ಸಾಹುಕಾರರು ಅವನಿಗೂ "ನೋಡೂಣು" ಅಂದರು, ಅಣ್ಣನಿಗೂ "ನೋಡೂಣು" ಅಂದರು. ಅವರ ಬಾಯಿಂದ ಹೌದು ಅಥವಾ ಇಲ್ಲ ಎಂಬ ಮಾತು ಹೊರಟಿದ್ದನ್ನು ಕೇಳಿದವರು ಊರಲ್ಲಿ ಯಾರೂ ಇರಲಿಲ್ಲ.

ಅದೇ ಕಾಲಕ್ಕೆ ಗಿರಣಿಗೆ ಕಂಪ್ಯೂಟರ್ ಬಂತು. ಅದರಿಂದ ಏನು ಮಾಡಿಸಬೇಕೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಆದರೆ ಅದು ಬಂದಿದೆ ಎಂದು ಊರಿಗೆ ಕೇಳಿಸಬೇಕೆಂಬುದು ತೀರ್ಮಾನವಾಗಿತ್ತು. ಕಂಪ್ಯೂಟರ್ ಮಾರಿದ ಟೈಯಿನ ಹುಡುಗ ಹೇಳಿದ: ಪೆಟ್ಟಿಗೆಯೊಳಗೆ ಒಂದು ಸಣ್ಣ ಸ್ಪೀಕರ್ ಇದೆ, ಗುಂಡಿ ಒತ್ತಿದರೆ ಅದು ಒಂದು ಮಂಗಳದ ಧಾಟಿ ನುಡಿಸಿ, ಕೊನೆಯ ಸ್ವರವನ್ನು ಬೆರಳು ಎತ್ತುವವರೆಗೂ ಹಿಡಿಯುತ್ತದೆ. "ಡಿಜಿಟಲ್ ಸೌಂಡ್ ಸಾರ್. ಗಲೀಜು ಇರಲ್ಲ." ಆ ಸ್ಪೀಕರಿನ ಎರಡು ತಂತಿಯನ್ನು ಅಣ್ಣನ ಆಂಪ್ಲಿಫೈಯರಿಗೆ ಕೊಟ್ಟು, ಗಿರಣಿಯ ಮಾಳಿಗೆಯ ಮೇಲಿನ ನಾಲ್ಕು ಹಾರ್ನಿನಿಂದ ಊರಿಗೆಲ್ಲ ಕೇಳಿಸುವುದು ಎಂದಾಯಿತು.

"ಇದೊಂದು ಚೊಲೊತ್ನಂಗ ಆಗ್ಲಿ, ಆಮ್ಯಾಲೆ ವರ್ಷದ ಕೆಲ್ಸದ ಮಾತು ನೋಡೂಣು," ಎಂದರು ಸಾಹುಕಾರರು.

ನಾನು ಆಗ ಬಳ್ಳಾರಿಯ ಒಂದು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕನಾಗಿದ್ದೆ. ಅಂದರೆ ಉಪಕರಣಗಳ ಧೂಳು ಒರೆಸುತ್ತಿದ್ದೆ. ಆದರೂ ನಮ್ಮ ಮನೆತನದ ಮಟ್ಟಿಗೆ ವಿಜ್ಞಾನಿ ನಾನೇ. ಕಂಪ್ಯೂಟರ್ ಪೂಜೆಯ ಹಿಂದಿನ ದಿನ ಬಸ್ಸಿಗೆ ಬಂದು, ಆ ಪೆಟ್ಟಿಗೆಯ ಕೂಗನ್ನು ಒಮ್ಮೆ ಕೇಳಿ, ಅಣ್ಣನಿಗೆ ಪಾಠಕ್ಕೆ ಕೂತೆ.

"ನಿನ್ನ ಮೈಕಿನ್ಯಾಗ ಬರೋ ದನಿ ಕಾಲುವಿ ಶೆಟರ್ ಇದ್ದಂಗಣ್ಣ. ಗೇಣು ಎತ್ತಿದ್ರ ಗೇಣು ನೀರು, ಮಳ ಎತ್ತಿದ್ರ ಮಳ ನೀರು. ಇದಕ್ಕ ಅನಲಾಗ್ ಅಂತಾರ. ಆ ಪೆಟ್ಟಿಗಿಯೊಳಗಿನ ಸ್ಪೀಕರಿಗೆ ಎರಡ ಗೊತ್ತು. ಪೂರಾ ತಗಿ, ಪೂರಾ ಮುಚ್ಚು. ನಡುವ ಏನೂ ಇಲ್ಲ. ಭಾಳ ಬಿರುಸಾಗಿ ತಗದು ಮುಚ್ಚಿ ಮಾಡ್ತೈತಿ, ನಮ್ಗ ಅದು ಸ್ವರ ಕೇಳಿಸ್ತೈತಿ."

ಅಣ್ಣ ಬೀಡಿ ಹಚ್ಚಿದ. "ಹಂಗಾರ ಚೊಲೊ ಆತಲ್ಲಲೇ. ನಡುವ ಏನೂ ಇಲ್ಲಂದ್ರ ಕೆಡಾಕ ಏನೈತಿ?"

"ಮನುಷ್ಯಾ ಮಾತಾಡುವಾಗ ಉಸುರು ತಗೋತಾನ. ಆವಾಗ ಹಾರ್ನಿನೊಳಗಿನ ತಂತಿ ಸುರುಳಿ, ಅದ ಕಾಯಿಲ್, ತಣ್ಣಗಾಕ್ಕೈತಿ. ಇದು ಉಸುರು ತಗಳಂಗಿಲ್ಲ. ನೀನು ವಾಲ್ಯೂಮ್ ಅರ್ಧಕ್ಕ ಇಡು."

"ಅರ್ಧಕ್ಕ? ಸಾವ್ಕಾರ್ರ ಮುಂದ?" ಅಣ್ಣ ನನ್ನನ್ನು ಕನಿಕರದಿಂದ ನೋಡಿದ. "ಜಾಸ್ತಿ ಆದ್ರ ದನಿ ಗೊರಗೊರ ಅಂತೈತಿ. ಇಷ್ಟು ವರ್ಷ ಕಿವಿ ಕೊಟ್ಟು ಕುಂತೀನಿ, ನಂಗ ಗೊತ್ತಾಗಂಗಿಲ್ಲೇನು?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮನುಷ್ಯನ ದನಿಯಾಗಿದ್ದರೆ ಗೊರಗೊರ ಎಂದು ಎಚ್ಚರಿಸುತ್ತಿತ್ತು, ಅವನ ಕಿವಿ ಅದನ್ನು ಹಿಡಿಯುತ್ತಿತ್ತು. ಈ ಪೆಟ್ಟಿಗೆಯ ದನಿ ಹುಟ್ಟಿದಾಗಿನಿಂದಲೇ ಒರಟು. ಅದು ಸಂಕಟದಲ್ಲಿದೆಯೋ ಸಂತೋಷದಲ್ಲಿದೆಯೋ ಯಾವ ಕಿವಿಗೂ ತಿಳಿಯುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಗಿರಣಿಯ ಅಂಗಳದಲ್ಲಿ ಪೆಂಡಾಲು. ಕಂಪ್ಯೂಟರಿಗೆ ವಿಭೂತಿ ಎಳೆದು, ಹೂವಿನ ಹಾರ ಹಾಕಿ, ಪರದೆ ಕಾಣದಂತೆ ಮಾಡಿದ್ದರು. ಟೈಯಿನ ಹುಡುಗ ಹಾರವನ್ನು ಸ್ವಲ್ಪ ಸರಿಸಿದ. ಪೂಜಾರಿ ಮತ್ತೆ ಮೊದಲಿನಂತೆ ಮಾಡಿದ. ಅಣ್ಣ ತನ್ನ ಆಂಪ್ಲಿಫೈಯರಿಗೂ ಒಂದು ಊದಿನಕಡ್ಡಿ ಸಿಕ್ಕಿಸಿದ್ದ. ಹಿಂದಿನ ಸಾಲಿನಲ್ಲಿ ಸಿರಿಗೇರಿಯವನು ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ, ಎಂದು ಎಲ್ಲರೂ ಹೇಳಿದರು.

ಸಾಹುಕಾರರು ಗುಂಡಿ ಒತ್ತಿದರು. ಧಾಟಿ ಹೊರಟಿತು. ಜನ ನಿಜವಾಗಿಯೂ ಬೆಚ್ಚಿದರು. ಲಾರಿ ಹಿಂದಕ್ಕೆ ಹೋಗುವಾಗ ಕಿರಿಚುವುದನ್ನು ಯಾರೋ ರಾಗಕ್ಕೆ ಕೂರಿಸಿದ ಹಾಗಿತ್ತು. ಎದುರಿನ ಮರದ ಕಾಗೆಗಳೆಲ್ಲ ಎದ್ದವು. ಸಾಹುಕಾರರ ಮುಖ ಅರಳಿತು. ಕೊನೆಯ ಸ್ವರ ಬಂತು. ಅವರು ಬೆರಳು ಎತ್ತಲಿಲ್ಲ.

ಬೆರಳಿಟ್ಟಷ್ಟು ಹೊತ್ತೂ ದೂರದೂರದ ಊರುಗಳಿಗೆ ತಮ್ಮ ಹೆಸರು ಹೋಗುತ್ತಿದೆ ಎಂಬ ಭಾವ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು. ನಾನು ಅಣ್ಣನ ಕಿವಿಗೆ ಬಾಗಿದೆ.

"ತಗ್ಗಸಣ್ಣ."

"ಸಾವ್ಕಾರ್ರು ಇನ್ನಾ ಬಟ್ಟು ಎತ್ತಿಲ್ಲಲೇ."

"ಕಾಯಿಲ್ ಸುಡ್ತಾವ. ತಗ್ಗಸು."

"ಅವರು ಈ ಕಡೀನ ನೋಡಾಕತ್ಯಾರ. ಸುಮ್ನಿರು."

ನಾನು ಕೈ ಚಾಚಿದೆ. ಅಣ್ಣ ನನ್ನ ಮಣಿಕಟ್ಟು ಹಿಡಿದ. ಅಂತಹ ಹಿಡಿತ ನಾನು ಅವನಿಂದ ಅದುವರೆಗೆ ಕಂಡಿರಲಿಲ್ಲ. ಒಂದು ಹಾರ್ನ್ ನಿಂತಿತು. ಆಮೇಲೆ ಇನ್ನೊಂದು. ಉಳಿದೆರಡು ಒಟ್ಟಿಗೇ ಹೋದವು. ಆಮೇಲೆ ಸಾಹುಕಾರರು ಬೆರಳು ಎತ್ತಿದರು.

ಭಾಷಣವನ್ನು ಅವರು ಬರಿಯ ಗಂಟಲಿನಲ್ಲೇ ಮಾಡಬೇಕಾಯಿತು. ಎರಡನೆಯ ಸಾಲಿನಾಚೆ ಅದು ಹೋಗಲಿಲ್ಲ. ಇಷ್ಟು ವರ್ಷ ಊರು ಕೇಳಿದ್ದು ಯಾರ ದನಿಯನ್ನು ಎಂಬುದು ಅಂದು ಎಲ್ಲರಿಗೂ ತಿಳಿಯಿತು. ಅಣ್ಣನಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿರಲಿಲ್ಲ.

ಮರುದಿನ ಪಡಸಾಲೆಗೆ ಹೋದೆವು. ಟೈಯಿನ ಹುಡುಗ ಅಲ್ಲೇ ಚಹಾ ಕುಡಿಯುತ್ತಿದ್ದ. "ಹಳೇ ಸೆಟ್ಟು ಸಾರ್, ಡಿಜಿಟಲ್ ತಡ್ಕೊಳ್ಳಲ್ಲ," ಎಂದ.

"ಹೌದೇನಪಾ?" ಎಂದು ಸಾಹುಕಾರರು ಅಣ್ಣನನ್ನು ಕೇಳಿದರು.

ಆಂಪ್ಲಿಫೈಯರಿಗೆ ಏನೂ ಆಗಿರಲಿಲ್ಲ, ಸುಟ್ಟದ್ದು ಹಾರ್ನಿನ ಕಾಯಿಲ್‌ಗಳು ಮಾತ್ರ. ಬೆಳಿಗ್ಗೆಯೇ ಅಂಗಡಿಯ ಸಣ್ಣ ಸ್ಪೀಕರಿಗೆ ಹಾಕಿ ನೋಡಿದ್ದೆವು, ಗಂಟೆಯ ಹಾಗೆ ನುಡಿದಿತ್ತು. ನೀವು ಬೆರಳು ಎತ್ತಲಿಲ್ಲ ಎಂದು ಅಣ್ಣ ಒಂದು ಮಾತು ಹೇಳಬಹುದಿತ್ತು. ಯಜಮಾನನ ಎದುರಿಗೆ ವಾಲ್ಯೂಮನ್ನೇ ತಗ್ಗಿಸದವನು ಯಜಮಾನನನ್ನೇ ತಗ್ಗಿಸುತ್ತಾನೆಯೇ?

"ಹೌದ್ರೀ ಸಾವ್ಕಾರ್ರ. ಸೆಟ್ಟು ಹಳೇದು," ಎಂದ. ಆಮೇಲೆ ನಿಧಾನವಾಗಿ, "ವರ್ಷದ ಕೆಲ್ಸಾ..." ಎಂದ.

ಸಾಹುಕಾರರು "ನೋಡೂಣು" ಅನ್ನಲಿಲ್ಲ. "ಬ್ಯಾಡ," ಎಂದರು. ಪೂರಾ ಮುಚ್ಚಿದ ಶೆಟರು. ಕಂಪ್ಯೂಟರ್ ಬಂದು ಇನ್ನೂ ವಾರ ತುಂಬಿರಲಿಲ್ಲ. ಅದರಿಂದ ಅವರು ಕಲಿತದ್ದು ಅದೊಂದೇ ಎಂದು ಕಾಣುತ್ತದೆ.

ಮುಂದೆ ಬಂದ ಯಂತ್ರಗಳು ದನಿಯ ಏರಿಳಿತವನ್ನೆಲ್ಲ ಅಂಕಿಗಳಲ್ಲಿ ಬರೆದಿಟ್ಟು, ಸ್ಪೀಕರಿಗೆ ಕೊಡುವ ಮೊದಲು ಮತ್ತೆ ಅಲೆಯಾಗಿ ಬಿಡಿಸುತ್ತವೆ. ಈಗ ಅವು ಪಿಸುಗುಟ್ಟಲೂ ಬಲ್ಲವು. ಸ್ಪೀಕರು ಮಾತ್ರ ಅಂದಿನಂತೆ ಇಂದೂ ಅನಲಾಗೇ. ಅಂಕಿ ಏನೇ ಹೇಳಲಿ, ಕೊನೆಗೆ ಅದರೊಳಗಿನ ಒಂದು ಕಾಗದ ಅಲುಗಬೇಕು, ಒಂದು ಕಾಯಿಲ್ ಬಿಸಿಯಾಗಬೇಕು. ಇದನ್ನು ನಾನು ಅಣ್ಣನಿಗೆ ವಿವರಿಸಲು ಹೋದಾಗ ಅವನು ಎದ್ದು ಒಳಗೆ ಹೋದ.

ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಸಿರಿಗೇರಿಯವನ ಹಾರ್ನ್ ಕಟ್ಟಿದರು. ಅಣ್ಣ ಅಂಗಡಿ ಖಾಲಿ ಮಾಡಿ ಕುರುಗೋಡಿಗೆ ಬಂದು ಸೈಕಲ್ ಪಂಕ್ಚರ್ ಹಾಕಲು ಕೂತ.